ಗಡಿಯಾರದ ಅಂದಚಂದ ಹೇಳುವ ಹಕ್ಕು ಯಾರದು?

ಸ್ವಿಟ್ಜರ್ಲೆಂಡಿನ ಜಿನೀವಾ ನಗರದಲ್ಲಿ 2019ನೆಯ ಇಸವಿ ನವೆಂಬರ್ 9ರಂದು ಒಂದು ಕೈಗಡಿಯಾರ ಹರಾಜಾಯಿತು. ಬಿದ್ದ ಬೆಲೆ 3 ಕೋಟಿ 10 ಲಕ್ಷ ಸ್ವಿಸ್ ಫ್ರಾಂಕು. ಅಂದಿನ ವಿನಿಮಯದ ದರದಂತೆ ನಮ್ಮ ಹಣದಲ್ಲಿ ಸುಮಾರು 220 ಕೋಟಿ ರೂಪಾಯಿ. ಅದುವರೆಗೆ ಯಾವ ಕೈಗಡಿಯಾರವೂ ಹರಾಜಿನ ಕಟ್ಟೆಯ ಮೇಲೆ ಅಷ್ಟು ಬೆಲೆ ಕಂಡಿರಲಿಲ್ಲ. ಮಾಡಿದ ಕಂಪನಿ ಪಾಟೆಕ್ ಫಿಲಿಪ್. ಗಡಿಯಾರದ ಹೆಸರು ಗ್ರ್ಯಾಂಡ್‌ಮಾಸ್ಟರ್ ಚೈಮ್. ಇದರ ಕವಚಕ್ಕೆ ಬಂಗಾರವನ್ನೂ ಬಳಸಿಲ್ಲ, ವಜ್ರವನ್ನೂ ಕೂರಿಸಿಲ್ಲ. ನಮ್ಮ ಮನೆಯ ಲೋಟ ತಟ್ಟೆಗಳ ಜಾತಿಗೆ ಸೇರಿದ ಉಕ್ಕಿನಿಂದ ಮಾಡಿದ್ದು.

ಡಾ. ರಾಮಮನೋಹರ ಲೋಹಿಯಾ ಅವರು 1963ರಲ್ಲಿ ಲೋಕಸಭೆಯಲ್ಲಿ ಈ ದೇಶದ ಬಡವನ ದಿನದ ಆದಾಯ ಮೂರಾಣೆ ಎಂದು ಲೆಕ್ಕವಿಟ್ಟಾಗ, ಅಲ್ಲ ಹದಿನೈದಾಣೆ ಎಂದು ಸರಕಾರ ವಾದಿಸಿತು. ಮೂರೋ ಹದಿನೈದೋ, ಲೆಕ್ಕವಂತೂ ಜನರ ಮುಂದೆ ಬಂತು. ಅದೇ ಚಾಳಿಯಲ್ಲಿ ನಾವೂ ಒಂದು ಲೆಕ್ಕ ಹಾಕೋಣ. ಜಿನೀವಾದ ಜನರು 2020ರಲ್ಲಿ ಮತ ಹಾಕಿ ಗಂಟೆಗೆ 23 ಫ್ರಾಂಕಿನ ಕನಿಷ್ಠ ಕೂಲಿಯನ್ನು ಕಾನೂನು ಮಾಡಿಕೊಂಡರು. ನಮ್ಮ ಕಣ್ಣಿಗೆ ಅದು ದೊಡ್ಡ ಕೂಲಿಯಾಗಿ ಕಾಣುತ್ತದೆ. ಆ ಊರಿನ ಮನೆ ಬಾಡಿಗೆಯ ಮುಂದೆ ಅದು ದೊಡ್ಡದಲ್ಲ. ಆ ಕೂಲಿಯವನು ದಿನಕ್ಕೆ 8 ಗಂಟೆಯಂತೆ ವರ್ಷಕ್ಕೆ 300 ದಿನ ದುಡಿದು, ಉಣ್ಣದೆ ಉಡದೆ ಕೂಡಿಟ್ಟರೆ, ಈ ಒಂದು ಗಡಿಯಾರ ಕೊಳ್ಳಲು ಸುಮಾರು 560 ವರ್ಷ ಬೇಕು. ನಮ್ಮಲ್ಲಿ ವಿಜಯನಗರದ ಅರಸರು ಆಳುತ್ತಿದ್ದಾಗ ಕೆಲಸಕ್ಕೆ ಸೇರಿದ್ದರೆ ಈಗ ಕೈಗೆ ಕಟ್ಟಿಕೊಳ್ಳಬಹುದಿತ್ತು. ಅಲ್ಲಿಯವರೆಗೆ ಹೊತ್ತೆಷ್ಟಾಯಿತೆಂದು ಅವನು ಯಾರನ್ನು ಕೇಳಬೇಕಿತ್ತೋ!

ಇರಲಿ. ಉಳ್ಳವರು ದುಂದು ಮಾಡುವುದು ಹೊಸ ಸುದ್ದಿಯಲ್ಲ, ಅದಕ್ಕಾಗಿ ಒಂದು ಪುಟ ಕಾಗದ ಖರ್ಚು ಮಾಡಬೇಕಾಗಿಯೂ ಇಲ್ಲ. ನಮ್ಮ ತಕರಾರು ಇರುವುದು ಈ ಗಡಿಯಾರದ ಸುತ್ತ ಕೂತು ಅದರ ಅಂದಚಂದದ ಬಗ್ಗೆ ತೀರ್ಪು ಕೊಡುವ ರಸಿಕರ ಪಂಚಾಯಿತಿಯೊಂದಿಗೆ. ಹೌದು, ಗಡಿಯಾರಕ್ಕೂ ರಸಿಕರಿದ್ದಾರೆ. ಸಂಗೀತಕ್ಕೆ, ಕುಸ್ತಿಗೆ, ಕೋಳಿ ಅಂಕಕ್ಕೆ ಇರುವಂತೆ. ಲೋಕದ ಎಲ್ಲ ಕಡೆ ಹಬ್ಬಿದ ಈ ಮಂದಿ ಒಂದು ಹೊಸ ಗಡಿಯಾರ ಹೊರಬಿದ್ದ ದಿನವೇ ಅದರ ಮುಳ್ಳು ಮೊಂಡೋ ಚೂಪೋ, ಅಂಕಿ ದಪ್ಪವೋ ಸಣ್ಣವೋ, ಕವಚದ ಅಂಚು ಎಷ್ಟು ಡಿಗ್ರಿ ಓರೆ ಎಂದು ಭೂತಗನ್ನಡಿ ಹಿಡಿದು ಚರ್ಚೆಗೆ ಕೂರುತ್ತಾರೆ. ಅವರ ಪ್ರೀತಿ ಸುಳ್ಳೆಂದು ನಾವು ಹೇಳುವುದಿಲ್ಲ. ಅವರಲ್ಲಿ ಬಹಳ ಮಂದಿ ಸಂಬಳದವರು, ಇಂಥ ಗಡಿಯಾರವನ್ನು ಚಿತ್ರದಲ್ಲಿ ಬಿಟ್ಟು ಬೇರೆಲ್ಲೂ ಕಾಣದವರು. ಯಂತ್ರದ ಮೇಲಿನ ಪ್ರೀತಿ ಏನೆಂಬುದು ನಮ್ಮ ಗಿರಣಿಯ ಫಿಟ್ಟರನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ; ಮಗ್ಗದ ಸದ್ದು ಕೇಳಿಯೇ ಯಾವ ಬೋಲ್ಟು ಸಡಿಲವೆಂದು ಹೇಳುವವನು ಅವನು.

ಈ ಗಡಿಯಾರದ ಒಳಗೇನಿದೆಯೆಂದು ಮೊದಲು ನೋಡೋಣ. ಗಂಟೆ ನಿಮಿಷ ತೋರಿಸುವುದನ್ನು ಬಿಟ್ಟು ಗಡಿಯಾರ ಮಾಡುವ ಪ್ರತಿಯೊಂದು ಹೆಚ್ಚಿನ ಕೆಲಸಕ್ಕೂ ಆ ಕಸಬಿನವರು ಕಾಂಪ್ಲಿಕೇಶನ್ ಎನ್ನುತ್ತಾರೆ. ನಾವು ತೊಡಕು ಎಂದು ಕರೆದರೆ ಅರ್ಥವೇನೂ ಕೆಡದು. ಗ್ರ್ಯಾಂಡ್‌ಮಾಸ್ಟರ್ ಚೈಮಿನಲ್ಲಿ ಇಂಥ ತೊಡಕುಗಳು 20. ಒಳಗಿನ ಯಂತ್ರದ ಬಿಡಿಭಾಗಗಳೇ 1,366. ಗಂಟೆ ಗಂಟೆಗೂ ಕಾಲು ಗಂಟೆಗೂ ತಾನೇ ಬಾರಿಸುತ್ತದೆ, ಒತ್ತಿದರೆ ಗಂಟೆ, ಕಾಲು, ನಿಮಿಷಗಳನ್ನು ಬೇರೆ ಬೇರೆ ನಾದದಲ್ಲಿ ಎಣಿಸಿ ಹೇಳುತ್ತದೆ, ಎಬ್ಬಿಸುವ ಹೊತ್ತು ಬಂದಾಗ ಆ ಹೊತ್ತನ್ನೇ ಬಾರಿಸುತ್ತದೆ, ತಾರೀಖನ್ನೂ ಬಾರಿಸುತ್ತದೆ. ಅಧಿಕ ವರ್ಷದ ಫೆಬ್ರವರಿ 29ನ್ನು ನೆನಪಿಟ್ಟುಕೊಳ್ಳುವ ಪಂಚಾಂಗವಿದೆ, ಚಂದ್ರನ ಕಲೆಗಳಿವೆ. ಮುಖಗಳು ಎರಡು, ಕವಚವನ್ನು ಮಗುಚಿ ಬೇಕಾದ ಮುಖವನ್ನು ಮೇಲೆ ಮಾಡಿಕೊಳ್ಳಬಹುದು. ಇಷ್ಟನ್ನೂ 47.7 ಮಿಲಿಮೀಟರ್ ಅಗಲ, 16 ಮಿಲಿಮೀಟರ್ ದಪ್ಪದೊಳಗೆ ಅಡಕ ಮಾಡಿದ ಕೈಗಳಿಗೆ ನಮ್ಮ ಕೈ ಮುಗಿಯುತ್ತದೆ. ಈ ಲೇಖನದಲ್ಲಿ ಆ ಕೈಗಳ ವಿರುದ್ಧ ಒಂದು ಅಕ್ಷರವೂ ಇಲ್ಲ.

ಇನ್ನು ರಸಿಕರ ತೀರ್ಪು. ಈ ಗಡಿಯಾರ ಮೊದಲು ಬಂದದ್ದು 2014ರಲ್ಲಿ, ಕಂಪನಿಯ 175ನೆಯ ವರ್ಷದ ಉತ್ಸವಕ್ಕೆ. ಮಾಡಿದ್ದು ಏಳು, ಒಂದನ್ನು ತಮ್ಮ ಮ್ಯೂಸಿಯಮ್ಮಿಗಿಟ್ಟು ಆರನ್ನು ತಲಾ 25 ಲಕ್ಷ ಫ್ರಾಂಕಿಗೆ ಮಾರಿದರು. ಆಗಿನ ಕವಚ ಕೆಂಪು ಬಂಗಾರದ್ದು, ಮೈತುಂಬ ಎಲೆಬಳ್ಳಿಯ ಕೆತ್ತನೆ. ಪಂಚಾಯಿತಿ ಎರಡು ಪಂಗಡವಾಯಿತು. ಇಷ್ಟೊಂದು ಕೆತ್ತನೆ ಅತಿಯಾಯಿತು, ಮಠದ ಬಾಗಿಲಿನ ಹಾಗಿದೆ, ಯಂತ್ರದ ಗಾಂಭೀರ್ಯ ಮುಚ್ಚಿಹೋಯಿತು ಎಂಬರ್ಥದ ಆಕ್ಷೇಪ ಒಂದು ಕಡೆ. ಉತ್ಸವದ ವಸ್ತು ಉತ್ಸವದ ಹಾಗೆಯೇ ಇರಬೇಕು ಎಂಬ ಸಮರ್ಥನೆ ಇನ್ನೊಂದು ಕಡೆ. ಮುಂಗೈಗೆ ಇದು ಬಹಳ ದೊಡ್ಡದು, ಜೇಬಿಗೆ ಸೇರಬೇಕಾದದ್ದನ್ನು ಕೈಗೆ ಕಟ್ಟಿದ್ದಾರೆ ಎಂದು ಕೆಲವರು. ತಿರುಗುವ ಕವಚ ಜಾಣತನವೋ ಸರ್ಕಸ್ಸೋ ಎಂಬ ವಾದ ಬೇರೆ. ಮುಂದೆ 2016ರಲ್ಲಿ ಬಿಳಿ ಬಂಗಾರದಲ್ಲಿ, ಎಲೆಬಳ್ಳಿ ತೆಗೆದು ಸಣ್ಣ ಮೊಳೆಗಳ ಹಾಗೆ ಕಾಣುವ ಮೈಕೆತ್ತನೆ ಮಾಡಿ ತಂದಾಗ ಆಕ್ಷೇಪಿಸಿದವರಲ್ಲಿ ಕೆಲವರಿಗೆ ಸಮಾಧಾನವಾಯಿತು. ಹರಾಜಿಗೆ ಹೋದ ಉಕ್ಕಿನ ಒಂಟಿ ಗಡಿಯಾರಕ್ಕೆ ಒಂದು ಮುಖ ಸಾಮನ್ ಮೀನಿನ ಮಾಂಸದ ಬಣ್ಣ, ಇನ್ನೊಂದು ಮುಖ ಕಪ್ಪು. ಇದೊಂದೇ ಎಂಬರ್ಥದ ಮಾತನ್ನು ಇಂಗ್ಲಿಷಿನಲ್ಲಿ ಮುಖದ ಮೇಲೆಯೇ ಬರೆಸಿದ್ದರು. ಆ ಬರಹ ಬೇಕಿತ್ತೇ ಬೇಡವಾಗಿತ್ತೇ ಎಂಬುದೂ ಚರ್ಚೆಯ ವಿಷಯವೇ.

ಈ ಮಾತುಗಳಲ್ಲಿ ಕೆಲವು ನಮಗೂ ಸರಿಯೆನಿಸುತ್ತವೆ. ಎಲೆಬಳ್ಳಿ ಅತಿಯೇ ಆಗಿತ್ತು. ಆದರೆ ಇಡೀ ಚರ್ಚೆಯನ್ನು ಜರಡಿ ಹಿಡಿದು ನೋಡಿ. ಒಂದು ಪ್ರಶ್ನೆ ಅದರೊಳಗೆ ಸಿಗುವುದು ಬಲು ಅಪರೂಪ. ಇದು ಯಾರಿಗಾಗಿ ಎಂಬ ಪ್ರಶ್ನೆ. ಬಡಗಿಯ ಹತ್ತಿರ ಹೋಗಿ ಒಂದು ಕುರ್ಚಿ ಮಾಡಪ್ಪಾ ಎಂದರೆ ಅವನು ಕೇಳುವ ಮೊದಲ ಮಾತೇನು? ಯಾರು ಕೂತುಕೊಳ್ಳುವುದು ಸ್ವಾಮಿ, ಅಂಗಡಿಗೋ, ಶಾಲೆಯ ಮಕ್ಕಳಿಗೋ, ಮುದುಕರಿಗೋ? ವಿನ್ಯಾಸ ಎಂಬುದು ಅಲ್ಲಿಂದ ಶುರುವಾಗುತ್ತದೆ. ಕೆತ್ತನೆ ಬರುವುದು ಆಮೇಲೆ. ರಸಿಕರ ಪಂಚಾಯಿತಿ ಕೆತ್ತನೆಯಿಂದ ಶುರುಮಾಡಿ ಕೆತ್ತನೆಯಲ್ಲೇ ಮುಗಿಸುತ್ತದೆ.

ಒತ್ತಿದರೆ ಹೊತ್ತು ಬಾರಿಸುವ ಗಡಿಯಾರ ಹುಟ್ಟಿದ್ದೇಕೆ? ಕತ್ತಲೆಗಾಗಿ. ವಿದ್ಯುದ್ದೀಪವಿಲ್ಲದ ಕಾಲದಲ್ಲಿ ನಡುರಾತ್ರಿ ಎಚ್ಚರವಾದರೆ ಚಕಮಕಿ ತಟ್ಟಿ ದೀಪ ಹಚ್ಚದೆ ಹೊತ್ತು ತಿಳಿಯುತ್ತಿರಲಿಲ್ಲ. ಅದಕ್ಕೆ ಕಿವಿಗೆ ಹೇಳುವ ಗಡಿಯಾರ ಬೇಕಾಯಿತು. ಇಂಗ್ಲೆಂಡಿನಲ್ಲಿ 1687ರಲ್ಲಿ ಎಡ್ವರ್ಡ್ ಬಾರ್ಲೊ ಎಂಬ ಪಾದ್ರಿಗೂ ಡೇನಿಯಲ್ ಕ್ವೇರ್ ಎಂಬ ಗಡಿಯಾರ ಕುಶಲಿಗೂ ಈ ಉಪಾಯ ಯಾರದೆಂದು ವ್ಯಾಜ್ಯವಾಗಿ ಅದು ದೊರೆ ಎರಡನೆಯ ಜೇಮ್ಸನ ಮುಂದೆ ಹೋಯಿತು. ಬಾರ್ಲೊನದರಲ್ಲಿ ಗಂಟೆಗೆ ಒಂದು ಗುಂಡಿ, ಕಾಲು ಗಂಟೆಗೆ ಇನ್ನೊಂದು. ಕ್ವೇರನದರಲ್ಲಿ ಒಂದೇ ಗುಂಡಿ ಒತ್ತಿದರೆ ಎರಡೂ ಕೇಳುತ್ತಿತ್ತು. ದೊರೆ ಎರಡನ್ನೂ ಪರೀಕ್ಷಿಸಿ ಕ್ವೇರನ ಕಡೆ ತೀರ್ಪಿತ್ತ. ದೊರೆಗಳ ಮೇಲೆ ನಮಗೆ ಪ್ರೀತಿಯೇನೂ ಇಲ್ಲ, ಅದರಲ್ಲೂ ಮರುವರ್ಷವೇ ಸಿಂಹಾಸನ ಬಿಟ್ಟು ಓಡಿದ ಈ ದೊರೆಯ ಮೇಲೆ. ಆದರೂ ಅಂದು ಆತ ಕೊಟ್ಟ ತೀರ್ಪು ಗಡಿಯಾರದ ವಿನ್ಯಾಸದ ಬಗ್ಗೆ ಬಂದ ಯೋಗ್ಯ ತೀರ್ಪುಗಳಲ್ಲಿ ಒಂದು. ಕತ್ತಲೆಯಲ್ಲಿ ತಡಕಾಡುವವನಿಗೆ ಎರಡು ಗುಂಡಿಗಿಂತ ಒಂದು ಮೇಲು. ಅಷ್ಟೇ.

ದೀಪ ಬಂದ ಮೇಲೆ ಕತ್ತಲೆಯ ಅಗತ್ಯ ಹೋಯಿತು. ಅಗತ್ಯ ಹೋದರೂ ಗಡಿಯಾರ ಹೋಗಲಿಲ್ಲ. ಅದು ಹಣವಂತನ ಆಟಿಕೆಯಾಗಿ ಮುಂದುವರಿಯಿತು. ನ್ಯೂಯಾರ್ಕಿನ ಶ್ರೀಮಂತ ಬ್ಯಾಂಕರು ಹೆನ್ರಿ ಗ್ರೇವ್ಸ್ 1925ರಲ್ಲಿ ಇದೇ ಕಂಪನಿಗೆ ಒಂದು ಜೇಬು ಗಡಿಯಾರ ಮಾಡಲು ಹೇಳಿದ. 24 ತೊಡಕುಗಳ ಆ ಗಡಿಯಾರ ಅವನ ಕೈ ಸೇರಿದ್ದು 1933ರಲ್ಲಿ. ಅಮೆರಿಕದ ಕೆಲಸಗಾರರಲ್ಲಿ ನಾಲ್ವರಿಗೆ ಒಬ್ಬನಂತೆ ಕೆಲಸ ಕಳೆದುಕೊಂಡು, ರೊಟ್ಟಿಗಾಗಿ ಬೀದಿಯಲ್ಲಿ ಸಾಲು ನಿಂತಿದ್ದ ವರ್ಷ ಅದು. ಆ ಗಡಿಯಾರದ ಹಿಂಬದಿಯಲ್ಲಿ ನಕ್ಷತ್ರಗಳ ನಕ್ಷೆಯಿದೆ. ಯಾವ ಆಕಾಶ? ಗ್ರೇವ್ಸನ ಮನೆಯ ಮೇಲೆ ಕಾಣುವ ನ್ಯೂಯಾರ್ಕಿನ ಇರುಳಿನ ಆಕಾಶ. ಭೂಮಿಗೆ ಬೇಲಿ ಹಾಕುವವರನ್ನು ನಾವು ಕಂಡಿದ್ದೇವೆ, ಆಕಾಶಕ್ಕೂ ಹಾಕಿಸಿಕೊಂಡವನು ಇವನು. ಅದೇ ಗಡಿಯಾರ 2014ರಲ್ಲಿ 2 ಕೋಟಿ 32 ಲಕ್ಷ ಫ್ರಾಂಕಿಗೆ ಹರಾಜಾಯಿತು. ರಸಿಕರು ಅದರ ನಕ್ಷತ್ರಗಳನ್ನು ಹೊಗಳಿದ್ದನ್ನು ಓದಿದ್ದೇವೆ. ರೊಟ್ಟಿಯ ಸಾಲಿನ ಮಾತು ಅಲ್ಲೆಲ್ಲೂ ನಮ್ಮ ಕಣ್ಣಿಗೆ ಬೀಳಲಿಲ್ಲ.

ಕುರುಡರಿಗಾದರೂ ಬಾರಿಸುವ ಗಡಿಯಾರ ಬೇಕಲ್ಲ ಎಂದು ಯಾರಾದರೂ ಕೇಳಬಹುದು. ಬೇಕು, ಖಂಡಿತ ಬೇಕು. ನಮ್ಮ ಬೆಂಗಳೂರಿನಿಂದ ಬೆಳೆದ ಸರಕಾರಿ ಕಾರ್ಖಾನೆ ಎಚ್‌ಎಂಟಿ ಅಂಧರಿಗಾಗಿ ಬ್ರೈಲ್ ಗಡಿಯಾರ ಮಾಡಿತ್ತು. ಮುಚ್ಚಳ ತೆರೆದು ಮುಳ್ಳನ್ನೂ ಉಬ್ಬು ಗುರುತುಗಳನ್ನೂ ಬೆರಳಿನಿಂದ ಮುಟ್ಟಿ ಹೊತ್ತು ತಿಳಿಯುವಂಥದು. 1,366 ಬಿಡಿಭಾಗ ಬೇಕಾಗಲಿಲ್ಲ.

ಈಗ ಉಕ್ಕಿನ ವಿಷಯ. ಇದು ಚಿಲ್ಲರೆ ವ್ಯಾಪಾರಿಗಳು ಕಿವಿಗೊಟ್ಟು ಕೇಳಬೇಕಾದದ್ದು. ಬಂಗಾರದ ಗಡಿಯಾರಕ್ಕಿಂತ ಉಕ್ಕಿನದಕ್ಕೆ ಹೆಚ್ಚು ಬೆಲೆ ಬರುವ ಲೋಕ ಇದು. ಇದೇ ಕಂಪನಿ 1940ರ ದಶಕದಲ್ಲಿ ಮಾಡಿದ 1518 ಎಂಬ ನಂಬರಿನ ಗಡಿಯಾರದಲ್ಲಿ ಉಕ್ಕಿನವೆಂದು ಗೊತ್ತಿದ್ದವು ನಾಲ್ಕೇ. ಅದರಲ್ಲೊಂದು 2016ರಲ್ಲಿ 1 ಕೋಟಿ 10 ಲಕ್ಷ ಫ್ರಾಂಕಿಗೆ ಹೋಯಿತು. ಆಗ ಬಂಗಾರದವು ಅದರ ಹತ್ತಿರವೂ ಬಂದಿರಲಿಲ್ಲ. ಆಗ ರಸಿಕರು ಏನು ಹೇಳುತ್ತಾರೆ? ಉಕ್ಕಿನಲ್ಲಿ ಒಂದು ಶುದ್ಧತೆಯಿದೆ, ಸಂಯಮವಿದೆ, ವಿನ್ಯಾಸ ಅದರಲ್ಲಿ ನಿರ್ಮಲವಾಗಿ ಕಾಣುತ್ತದೆ ಎಂದು. ಒಪ್ಪೋಣ. ಆದರೆ ಆ ಶುದ್ಧತೆ ಸಂತೆಯಲ್ಲಿ ಸಿಗುವ ಉಕ್ಕಿನ ಗಡಿಯಾರದಲ್ಲಿ ಅವರಿಗೇಕೆ ಕಾಣಲಿಲ್ಲ? ಲೋಹ ಒಂದೇ ಜಾತಿಯದು, ಹೊಳಪೂ ಒಂದೇ. ಅವರು ಶುದ್ಧತೆ ಎಂದು ಕರೆಯುವುದರಲ್ಲಿ ಮುಕ್ಕಾಲು ಪಾಲು ಅಭಾವದ ಮರುಹೆಸರು. ನಾಲ್ಕೇ ಇದೆ, ಒಂದೇ ಇದೆ ಎಂಬ ಸುದ್ದಿ ಕಿವಿಗೆ ಬಿದ್ದೊಡನೆ ಕಣ್ಣಿಗೆ ಅಂದ ಕಾಣಿಸತೊಡಗುತ್ತದೆ. ಅಕ್ಕಿಯನ್ನು ಗೋದಾಮಿನಲ್ಲಿ ಬಚ್ಚಿಟ್ಟು ಬೆಲೆ ಏರಿಸುವವನನ್ನು ಕಾಳಸಂತೆಯವನೆಂದು ಬೈಯುತ್ತೇವೆ. ಬೇಡಿಕೆಗಿಂತ ಕಡಿಮೆ ಗಡಿಯಾರ ಮಾಡಿ ಬೆಲೆ ಏರಿಸುವವನಿಗೆ ಕಲಾಪೋಷಕ ಎಂಬ ಬಿರುದು.

ಅಂಗಡಿಯ ರೀತಿಯನ್ನೂ ಕೇಳಿ. ಈ ಕಂಪನಿಯ ಅತಿ ದೊಡ್ಡ ಗಡಿಯಾರಗಳನ್ನು ಹಣ ಹಿಡಿದು ಹೋದವನಿಗೆಲ್ಲ ಕೊಡುವುದಿಲ್ಲ. ಗಿರಾಕಿ ಅರ್ಜಿ ಹಾಕಬೇಕು. ಅವನು ಹಿಂದೆ ಏನೇನು ಕೊಂಡಿದ್ದಾನೆ, ಯೋಗ್ಯನೋ ಅಲ್ಲವೋ ಎಂದು ನೋಡಿ ಕಂಪನಿ ತೀರ್ಮಾನಿಸುತ್ತದೆ. ನಮ್ಮ ಪೇಟೆಯ ಕಿರಾಣಿ ಅಂಗಡಿಯವರು ನಾಳೆ ಬೆಳಿಗ್ಗೆ ಎರಡು ಸೇರು ಬೇಳೆ ಕೇಳಿ ಬಂದವನಿಗೆ, ಅರ್ಜಿ ಬರೆದುಕೊಡಿ, ನಿಮ್ಮ ವಂಶಾವಳಿ ನೋಡಿ ತಿಳಿಸುತ್ತೇವೆ ಎಂದು ಹೇಳಿ ನೋಡಲಿ! ಸಂಜೆಯೊಳಗೆ ಅಂಗಡಿಗೆ ಬೀಗ. ಅಲ್ಲಿ ಮಾತ್ರ ಅದೇ ಗೌರವ. ಅರ್ಜಿ ಮಂಜೂರಾದವನು ಅದನ್ನೇ ಪದವಿಯಂತೆ ಹೇಳಿಕೊಂಡು ತಿರುಗುತ್ತಾನೆ.

ರಸಿಕರ ಅಭಿಪ್ರಾಯಕ್ಕೆ ಕಂಪನಿಯ ಮಾಲೀಕರು ಕೊಡುವ ಬೆಲೆ ಎಷ್ಟೆಂಬುದು 2024ರಲ್ಲಿ ಬಯಲಾಯಿತು. ಆ ವರ್ಷ ಅಕ್ಟೋಬರಿನಲ್ಲಿ ಕಂಪನಿ ಕ್ಯೂಬಿಟಸ್ ಎಂಬ ಚೌಕಾಕಾರದ ಹೊಸ ಮಾದರಿಯನ್ನು ತಂದಿತು. ಪಂಚಾಯಿತಿಯಲ್ಲಿ ಬಹಳ ಮಂದಿ ಅದನ್ನು ಹಳಿದರು. ಹಳೆಯ ಮಾದರಿಯನ್ನು ಹಿಗ್ಗಿಸಿ ಮೂಲೆ ಕೊಟ್ಟಿದ್ದೀರಿ, ಬಹಳ ದೊಡ್ಡದಾಯಿತು, ಹೊಸತೇನಿದೆ ಎಂದು ಕೇಳಿದರು. ಆಗ ಕಂಪನಿಯ ಮುಖ್ಯಸ್ಥ ಥಿಯೆರಿ ಸ್ಟರ್ನ್ ಅವರು ಸಂದರ್ಶನವೊಂದರಲ್ಲಿ ಕೊಟ್ಟ ಉತ್ತರದ ಸಾರ ಇಷ್ಟು: ಹೀಗೆ ಹಳಿಯುವವರಲ್ಲಿ ಹೆಚ್ಚಿನವರು ನಮ್ಮ ಗಡಿಯಾರ ಎಂದೂ ಇಟ್ಟುಕೊಂಡವರಲ್ಲ, ಮುಂದೆಯೂ ಇಟ್ಟುಕೊಳ್ಳುವವರಲ್ಲ.

ಓದುಗರೇ, ಈ ಉತ್ತರವನ್ನು ಇನ್ನೊಮ್ಮೆ ಓದಿಕೊಳ್ಳಿ. ಬ್ರಿಟಿಷರ ಕಾಲದಲ್ಲಿ ಇಂತಿಷ್ಟು ಕಂದಾಯ ಕಟ್ಟುವವನಿಗೆ ಮಾತ್ರ ಓಟು ಇತ್ತು. ಉಳಿದವನ ಬಾಯಿಗೆ ಬೀಗ. ನಿನಗೆ ಭೂಮಿಯೇ ಇಲ್ಲ, ಭೂಮಿಯ ಕಾನೂನಿನ ಮಾತು ನಿನಗೇಕೆ ಎಂಬ ತರ್ಕ. ಸ್ಟರ್ನ್ ಅವರದೂ ಅದೇ ತರ್ಕ. ಅವರ ಮನೆತನ ಈ ಕಂಪನಿಯನ್ನು ಕೊಂಡದ್ದು 1932ರಲ್ಲಿ, ಮಹಾಕುಸಿತದಲ್ಲಿ ಅದು ತತ್ತರಿಸುತ್ತಿದ್ದಾಗ. ಆಗ ಅವರು ಗಡಿಯಾರದ ಮುಖಫಲಕ ಮಾಡುವ ಕಾರ್ಖಾನೆಯವರು, ಎಂದರೆ ಕಸಬು ಬಲ್ಲವರು. ಅಂಥ ಮನೆತನದ ಬಾಯಲ್ಲಿ ಈ ಮಾತು ಬರಬಾರದಿತ್ತು. ಇನ್ನು 1839ರಲ್ಲಿ ಕಂಪನಿಯನ್ನು ಹೂಡಿದ ಅಂತೋನಿ ಪಾಟೆಕ್ ಯಾರು? ರಷ್ಯದ ಚಕ್ರವರ್ತಿಯ ವಿರುದ್ಧ 1830ರಲ್ಲಿ ಎದ್ದ ಪೋಲೆಂಡಿನ ದಂಗೆಯಲ್ಲಿ ಹೋರಾಡಿ, ಸೋತು, ದೇಶ ಬಿಟ್ಟು ಬಂದ ಪರದೇಶಿ. ಬರಿಗೈಯವನಿಗೆ ಮಾತಿನ ಹಕ್ಕಿಲ್ಲವೆಂದು ಜಿನೀವಾದವರು ಅಂದು ಅವನಿಗೆ ಹೇಳಿದ್ದರೆ ಇಂದು ಈ ಕಂಪನಿಯೇ ಇರುತ್ತಿರಲಿಲ್ಲ.

ವಿಚಿತ್ರವೆಂದರೆ ಈ ಉತ್ತರ ಕೇಳಿದ ಮೇಲೂ ಪಂಚಾಯಿತಿ ಏಳಲಿಲ್ಲ. ಮುಂದಿನ ಮಾದರಿಯ ಮುಳ್ಳು ಅಳೆಯಲು ಮತ್ತೆ ಕೂತಿತು.

ಹರಾಜಿನ ಹಣ ಧರ್ಮಕ್ಕೆ ಹೋಯಿತಲ್ಲ ಎಂಬ ಮಾತು ಬಂದೇ ಬರುತ್ತದೆ. ನಿಜ. 2019ರ ಆ ಹರಾಜು ಮಕ್ಕಳ ಸ್ನಾಯುಗಳನ್ನು ಕರಗಿಸುವ ಡುಶೆನ್ ಎಂಬ ಕ್ರೂರ ಕಾಯಿಲೆಯ ಸಂಶೋಧನೆಗಾಗಿ ನಡೆದದ್ದು. ಆ ಮಕ್ಕಳಿಗೆ ಬಂದ ಒಂದೊಂದು ಫ್ರಾಂಕೂ ಒಳ್ಳೆಯದೇ. ನಾವು ಕೇಳುವುದು ಇಷ್ಟೇ. ಇಬ್ಬರು ಕುಬೇರರು ಒಂದೇ ಆಟಿಕೆಗೆ ಜಿದ್ದು ಕಟ್ಟಿದರೆ ಮಕ್ಕಳಿಗೆ ಔಷಧಿ, ಜಿದ್ದು ಕಟ್ಟದಿದ್ದರೆ ಇಲ್ಲ ಎಂಬುದು ಯಾವ ಸೀಮೆಯ ಆರೋಗ್ಯ ವ್ಯವಸ್ಥೆ? ತೆರಿಗೆಯಿಂದ ಬರಬೇಕಾದದ್ದು ತೆವಲಿನಿಂದ ಬರಬೇಕೇ? ಇಲ್ಲಿ ರಸಿಕರಿಗೆ ಸಲ್ಲಬೇಕಾದ ಒಂದು ಮಾತನ್ನು ಸಲ್ಲಿಸಬೇಕು. 2023ರಲ್ಲಿ ಇವರಲ್ಲೇ ಕೆಲವರು ಎದ್ದು, ಇಷ್ಟು ವರ್ಷ ಕೂಡಿದ ಹಣ ಎಲ್ಲಿದೆ, ಎಷ್ಟು ಖರ್ಚಾಯಿತು, ಲೆಕ್ಕ ತೋರಿಸಿ ಎಂದು ಕೇಳಿದರು. ಗದ್ದಲವಾಯಿತು. ಒಂದು ದೊಡ್ಡ ಕಂಪನಿ ಹಿಂದೆ ಸರಿಯಿತು, ನವೆಂಬರಿನಲ್ಲಿ ಆಗಬೇಕಿದ್ದ ಹರಾಜು 2024ರ ಮೇ ತಿಂಗಳಿಗೆ ಹೋಯಿತು, ಸಂಸ್ಥೆಯವರು ಲೆಕ್ಕಪತ್ರ ಹೊರಗಿಡಬೇಕಾಯಿತು. ಗಡಿಯಾರದ ಮುಖವನ್ನು ಬಿಟ್ಟು ಅದರ ಸುತ್ತಲಿನ ಹಣವನ್ನು ನೋಡಿದ ಆ ಕೆಲವು ವಾರ ಈ ಪಂಚಾಯಿತಿ ಪಂಚಾಯಿತಿಯ ಕೆಲಸ ಮಾಡಿತು.

ತೊಡಕಿನ ಗಡಿಯಾರಗಳಿಗೆ ಇಷ್ಟೊಂದು ಮಹತ್ವ ಬಂದದ್ದಾದರೂ ಏಕೆ? ಇದಕ್ಕೊಂದು ಕಾರಣವಿದೆ, ಅದು ಸೌಂದರ್ಯದ್ದಲ್ಲ, ಹೊಟ್ಟೆಪಾಡಿನದು. ಜಪಾನಿನ ಸೈಕೊ ಕಂಪನಿ 1969ರ ಡಿಸೆಂಬರ್ 25ರಂದು ಕ್ವಾರ್ಟ್ಜ್ ಕೈಗಡಿಯಾರ ಮಾರಾಟಕ್ಕಿಟ್ಟಿತು. ಅದು ಮೊದಲು ದುಬಾರಿಯೇ ಇತ್ತು. ಕೆಲವೇ ವರ್ಷಗಳಲ್ಲಿ ಕೂಲಿಯವನ ಕೈಗೂ ಎಟುಕಿತು. ಹಲ್ಲುಗಾಲಿಯ ಯಾವ ದುಬಾರಿ ಗಡಿಯಾರಕ್ಕಿಂತಲೂ ಅದು ಸರಿಯಾದ ಹೊತ್ತು ತೋರಿಸುತ್ತದೆ. ಸ್ವಿಟ್ಜರ್ಲೆಂಡಿನ ಗಡಿಯಾರ ಕಸಬಿನಲ್ಲಿ 1970ರಲ್ಲಿ ಸುಮಾರು 90 ಸಾವಿರ ಜನ ಇದ್ದರು. 1980ರ ದಶಕ ಮುಗಿಯುವ ಮೊದಲೇ ಅದು 30 ಸಾವಿರದ ಸುಮಾರಿಗೆ ಇಳಿದಿತ್ತು. ಊರಿಗೆ ಊರೇ ಕೆಲಸ ಕಳೆದುಕೊಂಡ ಮೇಲೆ ಉಳಿದ ಮಾಲೀಕರು ಒಂದು ಉಪಾಯ ಕಂಡರು. ಹೊತ್ತು ತೋರಿಸುವುದರಲ್ಲಿ ಗೆಲ್ಲಲಾರೆವು, ಹೊತ್ತನ್ನು ಬಿಟ್ಟು ಹಮ್ಮನ್ನು ಮಾರೋಣ ಎಂದು. ತೊಡಕು ಹೆಚ್ಚಿದಷ್ಟೂ ಬೆಲೆ, ಬೆಲೆ ಹೆಚ್ಚಿದಷ್ಟೂ ಆಸೆ. ಈ ಗಡಿಯಾರಗಳನ್ನು ಪರಂಪರೆಯ ಮುಂದುವರಿಕೆ ಎಂದು ರಸಿಕರು ಕೊಂಡಾಡುವಾಗ, ಆ ಪರಂಪರೆಯಿಂದ ಹೊರಬಿದ್ದ 60 ಸಾವಿರ ಜೋಡಿ ಕೈಗಳ ನೆನಪು ಎಷ್ಟು ಮಂದಿಗಿದೆ?

ಆ ಕೈಗಳ ಚರಿತ್ರೆ ನಮ್ಮ ಚರಿತ್ರೆಯೂ ಹೌದು. ಕಾರ್ಲ್ ಮಾರ್ಕ್ಸ್ 1867ರ ತಮ್ಮ ‘ಬಂಡವಾಳ’ ಗ್ರಂಥದಲ್ಲಿ ದುಡಿಮೆಯ ವಿಭಜನೆಗೆ ಕೊಟ್ಟ ದೊಡ್ಡ ಉದಾಹರಣೆ ಗಡಿಯಾರವೇ. ಸ್ಪ್ರಿಂಗು ಮಾಡುವವನು, ಮುಳ್ಳು ಮಾಡುವವನು, ಮುಖಫಲಕದವನು, ಗಾಲಿಗೆ ಹೊಳಪು ಕೊಡುವವನು ಎಂದು ಒಂದೇ ಗಡಿಯಾರಕ್ಕೆ ದುಡಿಯುವವರ ಪಟ್ಟಿ ಅಲ್ಲಿ ಉದ್ದಕ್ಕೆ ಹೋಗುತ್ತದೆ. ಷೋ ದ ಫಾನ್ ಊರನ್ನು ಒಂದು ದೊಡ್ಡ ಗಡಿಯಾರದ ಕಾರ್ಖಾನೆಯೆಂದೇ ಭಾವಿಸಬಹುದೆಂದು ಅವರು ಬರೆದರು. ರಷ್ಯದ ಪ್ರಿನ್ಸ್ ಕ್ರೊಪೊಟ್ಕಿನ್ 1872ರಲ್ಲಿ ಜೂರಾ ಬೆಟ್ಟದ ಗಡಿಯಾರ ಕೆಲಸಗಾರರ ನಡುವೆ ಕೆಲವು ದಿನ ಇದ್ದು, ಅವರ ಸ್ವತಂತ್ರ ಮಾತು, ತಲೆಬಾಗದ ನಡೆ ಕಂಡು, ಒಡೆಯರಿಲ್ಲದ ಸಮಾಜದ ವಿಚಾರದಲ್ಲಿ ತನ್ನ ಮನಸ್ಸು ಗಟ್ಟಿಯಾಯಿತೆಂದು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಅದೇ ಬೆಟ್ಟದ ಆಚೆ ಬದಿ, ಫ್ರಾನ್ಸಿನ ಬೆಸಾನ್ಸೊನ್ ಊರಿನಲ್ಲಿ, ಲಿಪ್ ಎಂಬ ಗಡಿಯಾರ ಕಾರ್ಖಾನೆಯ ಕೆಲಸಗಾರರು 1973ರಲ್ಲಿ ತಮ್ಮನ್ನು ಹೊರಹಾಕುವ ಯೋಜನೆ ಪತ್ತೆಮಾಡಿ ಕಾರ್ಖಾನೆಯನ್ನೇ ವಶಕ್ಕೆ ತೆಗೆದುಕೊಂಡರು. ತಾವೇ ಗಡಿಯಾರ ಮಾಡಿ, ತಾವೇ ಮಾರಿ, ತಾವೇ ಸಂಬಳ ಹಂಚಿಕೊಂಡರು. ಆಗಸ್ಟಿನಲ್ಲಿ ಪೊಲೀಸರು ಬಂದು ಹೊರದಬ್ಬಿದರು. ಸೆಪ್ಟೆಂಬರಿನಲ್ಲಿ ಸುಮಾರು ಲಕ್ಷ ಜನ ಅವರ ಪರವಾಗಿ ಮಳೆಯಲ್ಲಿ ಮೆರವಣಿಗೆ ಹೋದರು. ಆ ಬೇಸಗೆಯಲ್ಲಿ ಜನ ಸಾಲು ನಿಂತು ಕೊಂಡ ಲಿಪ್ ಗಡಿಯಾರಗಳ ವಿನ್ಯಾಸದ ಬಗ್ಗೆ ಒಂದು ಒಳ್ಳೆಯ ಲೇಖನ ಬರೆಯುವ ರಸಿಕ ಇದ್ದರೆ ನಾವು ಸಂತೋಷದಿಂದ ಓದುತ್ತೇವೆ.

ಗಡಿಯಾರ ಯಾರ ಕೈಯಲ್ಲಿದೆ ಎಂಬುದು ಗಿರಣಿಯವರಿಗೆ ಅಲಂಕಾರದ ಪ್ರಶ್ನೆಯಾಗಿ ಎಂದೂ ಇರಲಿಲ್ಲ. ಸ್ಕಾಟ್ಲೆಂಡಿನ ಡಂಡೀ ಊರಿನ ಗಿರಣಿ ಹುಡುಗನೊಬ್ಬನ ಬದುಕಿನ ಬಗ್ಗೆ 1850ರಲ್ಲಿ ಬಂದ ಪುಸ್ತಕವೊಂದು ಹೇಳುವಂತೆ, ಅಲ್ಲಿನ ಮಾಲೀಕರು ಬೆಳಿಗ್ಗೆ ಗಿರಣಿಯ ಗಡಿಯಾರವನ್ನು ಮುಂದಕ್ಕೆ ತಿರುಗಿಸುತ್ತಿದ್ದರು, ಸಂಜೆ ಹಿಂದಕ್ಕೆ. ಕೆಲಸಗಾರರು ಸ್ವಂತ ಗಡಿಯಾರ ತರಲು ಹೆದರುತ್ತಿದ್ದರು. ಹೊತ್ತಿನ ವಿದ್ಯೆ ಹೆಚ್ಚು ಬಲ್ಲವನಿಗೆ ಕೆಲಸ ಹೋಗುತ್ತಿತ್ತು. ನಮ್ಮ ಕಾಗೋಡಿನ ಗೇಣಿದಾರರು 1951ರಲ್ಲಿ ಸತ್ಯಾಗ್ರಹಕ್ಕಿಳಿದಾಗ ಒಡೆಯರ ದೊಡ್ಡ ಕೊಳಗದ ಮೋಸವೂ ಅವರ ದೂರಾಗಿತ್ತಲ್ಲ, ಇದೂ ಅದೇ ಜಾತಿಯದು. ಅಳತೆ ಒಡೆಯನ ಕೈಯಲ್ಲಿದ್ದರೆ ಕಾಳೂ ಕಡಿಮೆ, ಹೊತ್ತೂ ಕಡಿಮೆ. ದುಡಿಯುವವನ ಕೈಗೆ ಸ್ವಂತ ಗಡಿಯಾರ ಬಂದದ್ದು ಆ ಮೋಸಕ್ಕೆ ಬಿದ್ದ ಪೆಟ್ಟು.

ವಾಚು ರಿಪೇರಿಯವರ ಮಾತೊಂದು ಉಳಿದಿದೆ. ಸಂತೆಪೇಟೆಯ ಮೂಲೆಯಲ್ಲಿ ಕಣ್ಣಿಗೆ ದುರ್ಬೀನು ಸಿಕ್ಕಿಸಿಕೊಂಡು ಕೂತವನು ಈ ಕಸಬಿನ ನಿಜವಾದ ವಿಮರ್ಶಕ. ಯಾವ ಗಡಿಯಾರ ಬಿಚ್ಚಿ ಕೂಡಿಸಲು ಬರುತ್ತದೆ, ಯಾವುದು ಬರುವುದಿಲ್ಲ ಎಂಬುದು ಅವನಿಗೆ ಗೊತ್ತು. ಯುರೋಪಿನಲ್ಲಿ ಇಂಥ ಸ್ವತಂತ್ರ ರಿಪೇರಿಗಾರರ ಸಂಘಗಳು 2004ರಲ್ಲಿ ಒಂದು ದೂರು ಕೊಟ್ಟವು. ದೊಡ್ಡ ಗಡಿಯಾರ ಕಂಪನಿಗಳು ನಮಗೆ ಬಿಡಿಭಾಗ ಮಾರುವುದಿಲ್ಲ, ರಿಪೇರಿಯನ್ನೂ ತಮ್ಮ ಕೈಯಲ್ಲೇ ಇಟ್ಟುಕೊಂಡು ನಮ್ಮ ಅಂಗಡಿ ಮುಚ್ಚಿಸುತ್ತಿವೆ ಎಂದು. ಯುರೋಪಿನ ಆಯೋಗ 2008ರಲ್ಲಿ ದೂರನ್ನು ತಳ್ಳಿತು. ನ್ಯಾಯಾಲಯ 2010ರಲ್ಲಿ ಆಯೋಗದ ನಿರ್ಧಾರವನ್ನು ಹೊಡೆದುಹಾಕಿತು. ಆಯೋಗ 2014ರಲ್ಲಿ ಮತ್ತೆ ತಳ್ಳಿತು. ನ್ಯಾಯಾಲಯ 2017ರಲ್ಲಿ ಕಂಪನಿಗಳ ಕಡೆಗೇ ವಾಲಿತು. ಹದಿಮೂರು ವರ್ಷದ ವ್ಯಾಜ್ಯ, ಚಿಕ್ಕವನಿಗೆ ಸೋಲು. ಹೊರಗಿನವನು ರಿಪೇರಿ ಮಾಡಲಾಗದಂತೆ ಇರುವುದೂ ಒಂದು ವಿನ್ಯಾಸವೇ. ಅದು ಚಂದವೋ ವಿಕಾರವೋ ಎಂದು ಪಂಚಾಯಿತಿ ಹೇಳಬೇಕು.

ಯಾರಿಗಾಗಿ ಎಂಬ ಪ್ರಶ್ನೆಯಿಂದ ಶುರುವಾದ ಗಡಿಯಾರ ಹೇಗಿರುತ್ತದೆಂದು ನೋಡಲು ನಾವು ಜಿನೀವಾಕ್ಕೆ ಹೋಗಬೇಕಾಗಿಲ್ಲ. ಬೆಂಗಳೂರಿನಲ್ಲಿ ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಗಡಿಯಾರ ಮಾಡತೊಡಗಿತು. ಮೊದಲ ಗಡಿಯಾರಗಳನ್ನು ಬಿಡುಗಡೆ ಮಾಡಿದವರು ನೆಹರೂ. ಅದರ ಒಂದು ಮಾದರಿಯ ಹೆಸರೇ ಜನತಾ. ದಿನಕ್ಕೊಮ್ಮೆ ಚಾವಿ ಕೊಟ್ಟರೆ ನಡೆಯುತ್ತದೆ, ಮುಖ ನೋಡಿದರೆ ಹೊತ್ತು ತಿಳಿಯುತ್ತದೆ, ಕೆಟ್ಟರೆ ಊರಿನ ರಿಪೇರಿಯವನೇ ಬಿಚ್ಚುತ್ತಾನೆ. ಅದಕ್ಕೂ ಜನ ಕಾದದ್ದುಂಟು, ಸಿಗದೆ ಕಳ್ಳಸಾಗಣೆಯ ಫಾರಿನ್ ವಾಚು ಕೊಂಡದ್ದೂ ಉಂಟು. ವರದಕ್ಷಿಣೆಯ ಪಟ್ಟಿಯಲ್ಲಿ ಸೈಕಲ್ಲು ರೇಡಿಯೋ ಜೊತೆಗೆ ಅದನ್ನೂ ಬರೆಸಿದ ಮಾವಂದಿರ ಪಾಡು ಬೇರೆ. ಕ್ವಾರ್ಟ್ಜಿನ ಗಾಳಿ ಬೀಸಿದಾಗ ಎಚ್ಚರಗೊಳ್ಳದ ಆಡಳಿತದ ಪಾಪವೂ ಕಡಿಮೆಯಲ್ಲ. ಆದರೆ ಆ ಕಾಯುವಿಕೆ ಸಾಲದೆ ಬಂದದ್ದು. ಸಾಲದಿದ್ದುದಕ್ಕೇ 1978ರಲ್ಲಿ ತುಮಕೂರಿನಲ್ಲಿ ಇನ್ನೊಂದು ಕಾರ್ಖಾನೆ ತೆರೆದರು. ಜಿನೀವಾದ ಕಾಯುವಿಕೆ ಬೇಕೆಂದೇ ಮಾಡಿದ್ದು.

2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ಗಡಿಯಾರ ಕಂಪನಿಯನ್ನು ಮುಚ್ಚಲು ಒಪ್ಪಿತು. ಉಳಿದಿದ್ದ ಕೆಲಸಗಾರರಿಗೆ 2007ರ ವೇತನ ಶ್ರೇಣಿಯ ಲೆಕ್ಕದಲ್ಲಿ ಸ್ವಯಂನಿವೃತ್ತಿಯ ಹಣ ಕೊಟ್ಟು ಕಳಿಸುವ ತೀರ್ಮಾನವಾಯಿತು. ಈಗ ರಸಿಕರು ಹಳೆಯ ಜನತಾ ಗಡಿಯಾರಗಳನ್ನು ಹುಡುಕಿ ಕೊಳ್ಳುತ್ತಿದ್ದಾರೆ. ಯಾವುದರ ಮುಖಫಲಕ ಕಾರ್ಖಾನೆಯದು, ಯಾವುದಕ್ಕೆ ಆಮೇಲೆ ಬಣ್ಣ ಬಳಿದದ್ದು ಎಂದು ಭೂತಗನ್ನಡಿ ಹಿಡಿದು ವಾದಿಸುತ್ತಿದ್ದಾರೆ. ಆ ಮುಖಫಲಕ ಕೂರಿಸಿದವರಲ್ಲಿ ಬಹಳ ಮಂದಿ ಬೆಂಗಳೂರು, ತುಮಕೂರುಗಳಲ್ಲಿ ಇನ್ನೂ ಇದ್ದಾರೆ. ಅವರನ್ನೇ ಹೋಗಿ ಕೇಳಬಹುದು.